ಮಗ್ಗದ ಕುಣಿಯಲ್ಲಿ ಬಾಣಂತನ

ಕಳೆದುಹೋದ ಅಂಗವನ್ನು ಮರಳಿ ಬೆಳೆಸಿಕೊಳ್ಳುವ ಶಕ್ತಿಗಿಂತ ದೊಡ್ಡ ವರ ಜೀವಲೋಕದಲ್ಲಿ ಇನ್ನೊಂದಿಲ್ಲ. ಆ ವರ ಪಡೆದ ಪ್ರಾಣಿ ಮಾತ್ರ ಉಗುರಿನಷ್ಟೂ ಉದ್ದವಿರದೆ ನಮ್ಮ ಮನೆಯ ಚಟ್ನಿ ಬಟ್ಟಲಿನಲ್ಲಿ ವಾಸವಾಗಿತ್ತು.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ನಾನು ಬಾಗಲಕೋಟೆಯಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಕಡಿದ ಅಂಗ ಮತ್ತೆ ಬೆಳೆಯುವ ಬಗೆ ನಮಗೊಂದು ಪಾಠವಾಗಿತ್ತು. ಅದರ ಮೇಲೆಯೇ ಪ್ರಾಜೆಕ್ಟ್ ಹಿಡಿದಿದ್ದೆ. ಹಲ್ಲಿಯ ಮೇಲೆ ಮಾಡಬಹುದಿತ್ತು. ಆದರೆ ಹಲ್ಲಿ ಬಾಲ ಬಿಟ್ಟು ಓಡಿಹೋಗುತ್ತದೆ, ಪರೀಕ್ಷೆಯ ದಿನ ಬಾಲವೊಂದನ್ನೇ ಹಿಡಿದು ನಿಲ್ಲಬೇಕಾಗುತ್ತದೆ. ಹೀಗಾಗಿ ಪ್ಲನೇರಿಯಾ ಎಂಬ ಚಪ್ಪಟೆ ನೀರುಹುಳವನ್ನು ಆರಿಸಿಕೊಂಡೆ. ಅದನ್ನು ಅಡ್ಡ ಕೊಯ್ದರೆ ತಲೆಗೆ ಬಾಲ ಬರುತ್ತದೆ, ಬಾಲಕ್ಕೆ ತಲೆ ಬರುತ್ತದೆ. ಪುಸ್ತಕ ಹಾಗೆ ಹೇಳಿತ್ತು.

ಬಾದಾಮಿಯಲ್ಲಿ ಇಳಿದು ಮಹಾಕೂಟದ ಗುಡಿಗೆ ಹೋಗಿ, ಅಲ್ಲಿನ ಹೊಂಡದ ನೀರು ಹೊರಬೀಳುವ ಕಾಲುವೆಯಲ್ಲಿ ಕಲ್ಲು ಮಗುಚುತ್ತ ಕೂತೆ. ಮಿಂದು ಬರುತ್ತಿದ್ದ ಹಿರಿಯರೊಬ್ಬರು ನಿಂತು ನೋಡಿದರು.

"ಏನ್ ಕಳ್ಕೊಂಡೀಯೋ ತಮ್ಮಾ?"

"ಹುಳ ಹುಡಕಾಕತ್ತೀನ್ರಿ."

"ಇಷ್ಟ್ ದೂರ ಬಂದು ದೇವರನ್ನ ಬಿಟ್ಟು ಹುಳಾ ಹುಡಕ್ತೀ. ಹುಡಕಪ್ಪಾ, ಯಾವುದರೆ ಒಂದು ಸಿಗಲಿ."

ಹುಳ ಸಿಕ್ಕವು. ಅದೇ ನೀರನ್ನು ಕ್ಯಾನಿನಲ್ಲಿ ತುಂಬಿಕೊಂಡು ಬಂದೆ. ಲ್ಯಾಬಿನಲ್ಲಿ ಬ್ಲೇಡಿನಿಂದ ಕೊಯ್ದಾಗ ಗುರುಗಳು ಎರಡೇ ಮಾತು ಹೇಳಿದರು. ನೀರು ತಣ್ಣಗಿರಬೇಕು, ತಲೆ ಬರುವ ತನಕ ಏನನ್ನೂ ತಿನ್ನಿಸಬಾರದು. ಬಾಯಿ ಇಲ್ಲದ್ದು ತಿನ್ನುವುದಿಲ್ಲ, ಹಾಕಿದ್ದು ಕೊಳೆತು ಹುಳವನ್ನೇ ಕೊಲ್ಲುತ್ತದೆ. ಆಮೇಲೆ ಕನ್ನಡಕ ಒರೆಸುತ್ತ ಸೇರಿಸಿದರು: "ಪ್ರಾಕ್ಟಿಕಲ್ ದಿನ ತಲಿ ಬಂದ ಬಾಲ ತೋರಿಸಿದರ ನೀ ಪಾಸು. ಇಲ್ಲಂದರ ಮುಂದಿನ ವರ್ಷ ಮತ್ತ ಭೆಟ್ಟಿ ಆಗೂಣು."

ಅಷ್ಟರಲ್ಲಿ ಪರೀಕ್ಷೆಯ ಓದಿಗೆ ರಜೆ ಬಿಟ್ಟು ಲ್ಯಾಬಿಗೆ ಬೀಗ ಬಿತ್ತು. ತಲೆಯಿಲ್ಲದ ಬಾಲಗಳನ್ನೂ ನೀರಿನ ಕ್ಯಾನನ್ನೂ ಎತ್ತಿಕೊಂಡು ನಮ್ಮೂರು ಇಳಕಲ್ಲಿಗೆ ಬಂದೆ.

ಬೇಸಿಗೆಯ ಇಳಕಲ್ಲಿನಲ್ಲಿ ತಣ್ಣಗಿನ ಜಾಗವೆಂದರೆ ಮಗ್ಗದ ಕುಣಿ. ನೇಯುವವರು ನೆಲದ ಮೇಲೆ ಕೂತು, ಕಾಲು ಇಳಿಬಿಟ್ಟು ಮೆಟ್ಟು ತುಳಿಯುವ ಆ ತಗ್ಗಿನಲ್ಲಿ, ಅಪ್ಪನ ಕಾಲಿಗೆ ತಾಗದ ಮೂಲೆಗೆ ಬಾಲಗಳಿದ್ದ ಚಟ್ನಿ ಬಟ್ಟಲಿಟ್ಟೆ. ಅಪ್ಪ ಲಾಳಿ ನಿಲ್ಲಿಸಿ ಬಗ್ಗಿ ನೋಡಿದರು.

"ತಲಿ ಇಲ್ಲದ್ದು ಬದಕತೈತೇನಲೇ?"

"ಬದಕತೈತಿ ಅಪ್ಪಾ."

"ಬದಕಲಿ. ನಮ್ಮ ಓಣ್ಯಾಗ ಭಾಳ ಮಂದಿ ಬದುಕ್ಯಾರ."

ಬಟ್ಟಲನ್ನು ಯಾರೂ ಮುಟ್ಟಕೂಡದೆಂದು ನಾನು ಮನೆಮಂದಿಗೆಲ್ಲ ಆಜ್ಞೆ ಹೊರಡಿಸಿದೆ. ಅಜ್ಜಿಗಂತೂ ಪ್ರತ್ಯೇಕವಾಗಿ ಹೇಳಿದೆ. ಆಕೆ ಓಣಿಯ ಬಾಣಂತಿಯರಿಗೆಲ್ಲ ನೀರೆರೆದು, ಉಣಿಸಿ ಎಬ್ಬಿಸಿದವಳು. ಆಕೆ ಕೇಳಿದ್ದು ಒಂದೇ: "ಕೊಯ್ದ ಮ್ಯಾಲ ಅದಕ್ಕೇನ್ ಹಾಕ್ತೀ?"

"ಏನೂ ಹಾಕಂಗಿಲ್ಲ ಆಯಿ."

ಆಕೆ ಬಟ್ಟಲನ್ನೊಮ್ಮೆ ಬಗ್ಗಿ ನೋಡಿ ಅಡಿಗೆಮನೆಗೆ ಹೋದಳು. ಆ ನೋಟದ ಅರ್ಥ ನನಗೆ ತಿಳಿಯಬೇಕಿತ್ತು. ನಮ್ಮ ಕಡೆ ಹೆರಿಗೆಯಾದವರಿಗೆ, ಬಿದ್ದು ಎದ್ದವರಿಗೆ, ಹೊಲಿಗೆ ಹಾಕಿಸಿಕೊಂಡವರಿಗೆ ಗಿಡದ ಅಂಟನ್ನು ತುಪ್ಪದಲ್ಲಿ ಕರಿದು ತಿನ್ನಿಸದೆ ಬಿಡುವುದು ಹಗೆಯವರಿಗೂ ಮಾಡದ ಕೆಲಸ.

ಒಂದು ಮುಂಜಾನೆ ನೋಡಿದರೆ ಬಟ್ಟಲಿನ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಮೇಲೆ ತುಪ್ಪದ ಕಣ್ಣು ತೇಲುತ್ತಿದ್ದವು. ತಳದಲ್ಲಿ ಬೆಲ್ಲ ಬಿಟ್ಟ ಅಂಟು, ಉತ್ತತ್ತಿಯ ಚೂರು, ಮತ್ತು ಅಲ್ಲಾಡದೆ ಬಿದ್ದ ನನ್ನ ಡಿಗ್ರಿ.

"ಯಾರ್ ಮುಟ್ಟಿದ್ದು ಇದನ್ನ?"

ಅಜ್ಜಿ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. "ನಾ ಮುಟ್ಟಿಲ್ಲಪ್ಪಾ. ಮ್ಯಾಲಿಂದ ಹಾಕೀನಿ. ಅಮೀನಗಡದ ಚಲೋ ಕರದಂಟ ಅದು. ಎರಡ ತುಂಡು ಮಾಡಿ ಉಪಾಸ ಕೆಡವಿದರ ತಲಿ ಎಲ್ಲಿಂದ ಬರಬೇಕು?"

"ಅದಕ್ಕ ಬಾಯೇ ಇಲ್ಲ ಆಯಿ!"

"ಮತ್ತ ಅದನ್ನ ಮದಲ ಹೇಳಬೇಕಿಲ್ಲ?"

ವಾದಕ್ಕೆ ಹೊತ್ತಿರಲಿಲ್ಲ. ಮತ್ತೆ ಮಹಾಕೂಟಕ್ಕೆ ಹೋಗುವಷ್ಟು ದಿನ ಉಳಿದಿರಲಿಲ್ಲ. ಬೇರೆ ಹುಳ ಸಿಕ್ಕರೂ ಪರೀಕ್ಷೆಯೊಳಗೆ ತಲೆ ಬರುವುದಿಲ್ಲ. ಕ್ಯಾನಿನಲ್ಲಿ ಉಳಿದಿದ್ದ ಮಹಾಕೂಟದ ನೀರನ್ನು ಬೇರೆ ಬಟ್ಟಲಿಗೆ ಸುರಿದು, ಇಂಕ್ ಫಿಲ್ಲರಿನಿಂದ ಒಂದೊಂದೇ ಬಾಲವನ್ನು ಎತ್ತಿ ದಾಟಿಸಿದೆ. ಹೆಚ್ಚಿನವು ಮುಟ್ಟಿದರೆ ಕರಗಿದವು. ಒಂದೇ ಒಂದು, ಅಂಚನ್ನು ಒಮ್ಮೆ ಮುದುಡಿ ಬಿಚ್ಚಿತು. ಆ ಬಟ್ಟಲನ್ನು ಮತ್ತೆ ಕುಣಿಗಿಳಿಸಿದೆ. ಅಪ್ಪ ಅಂದು ಮೆಟ್ಟನ್ನು ಮೆಲ್ಲಗೆ ತುಳಿದರು. ಅದು ಹುಳಕ್ಕಾಗಿಯೋ ಮಂಡಿನೋವಿಗಾಗಿಯೋ ನಾನು ಕೇಳಲಿಲ್ಲ.

ಆ ಬಾಲವನ್ನು ಹೊತ್ತು ಹೊತ್ತಿಗೂ ಭೂತಗನ್ನಡಿಯಲ್ಲಿ ನೋಡಿದೆ. ಕೊಯ್ದ ಕಡೆ ಮೊದಲು ಬಿಳಿ ಮೊಗ್ಗಿನಂಥದೊಂದು ಮೂಡಿ, ನಿಧಾನಕ್ಕೆ ಚೂಪಾಯಿತು. ಕಡೆಗೊಂದು ದಿನ ಅದರ ಮೇಲೆ ಎರಡು ಕರೀ ಚುಕ್ಕಿ ಕಂಡವು. ಕಣ್ಣು! ಮನೆಮಂದಿಯನ್ನೆಲ್ಲ ಕರೆದೆ.

ಅಪ್ಪ ಕನ್ನಡಿಯನ್ನು ಹಿಂದೆ ಮುಂದೆ ಸರಿಸಿ ನೋಡಿದರು. "ಮೆಳ್ಳಗಣ್ಣೈತಲೋ."

"ಅದರ ಜಾತಿಗೇ ಮೆಳ್ಳಗಣ್ಣು ಅಪ್ಪಾ."

"ಹಂಗಾರ ತಪ್ಪಿಲ್ಲ."

ಅಜ್ಜಿ ಕನ್ನಡಿ ಕೇಳಲಿಲ್ಲ. "ಕಂಡ್ಯಾ? ಅಂಟು ಹತ್ತಿತು," ಎಂದಳು. ಸತ್ತ ಬಾಲಗಳ ಮಾತನ್ನು ನಾನು ಎತ್ತಲಿಲ್ಲ. ಗೆದ್ದವನು ಉದಾರಿಯಾಗಿರಬೇಕು.

ಪರೀಕ್ಷೆಯ ದಿನ ಹುಳವನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ತೊಡೆಯ ಮೇಲೆ ಹಿಡಿದು ಬಸ್ಸು ಹತ್ತಿದೆ. ಹುನಗುಂದ ದಾಟುವವರೆಗೆ ತೊಂದರೆಯಿರಲಿಲ್ಲ. ಅಮೀನಗಡದಲ್ಲಿ ಬಸ್ಸು ನಿಂತು, ಕರದಂಟಿನ ಪೊಟ್ಟಣಗಳು ಕಿಟಕಿಯ ಹತ್ತಿರ ಬಂದಾಗ ಡಬ್ಬಿಯನ್ನು ಅಂಗಿಯೊಳಗೆ ಸೇರಿಸಿಕೊಂಡೆ.

ಹೊರಗಿನಿಂದ ಬಂದಿದ್ದ ಪರೀಕ್ಷಕರು ಹುಳವನ್ನು ಬಹಳ ಹೊತ್ತು ನೋಡಿದರು. ಹುಳವೂ ಅವರನ್ನು ನೋಡಿತು.

"ಕೊಯ್ದ ಮ್ಯಾಲ ಏನರೆ ತಿನಿಸಿದ್ದೇನು?"

"ನಾ ತಿನಿಸಿಲ್ಲರಿ. ನಮ್ಮ ಆಯಿ ಕರದಂಟ ಹಾಕಿದ್ಲರಿ."

ಅವರು ಮಸೂರದಿಂದ ಕಣ್ಣು ತೆಗೆದು ನಮ್ಮ ಗುರುಗಳನ್ನು ನೋಡಿದರು. ಗುರುಗಳು ಕಿಟಕಿಯಾಚೆಯ ಬೇವಿನ ಮರವನ್ನು ನೋಡಿದರು.

"ಮುಂದಿನವರನ್ನ ಕಳಸು," ಎಂದರು ಪರೀಕ್ಷಕರು.

ನಾನು ಪಾಸಾದೆ.