ಚಪಾತಿಗಾಗಿ ಅತ್ತವಳು

ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಆಫೀಸಿನಲ್ಲಿ ಜಾಹೀರಾತು ಬರೆಯುತ್ತಿದ್ದವಳು ಅವಳು. ಪಕ್ಕದಲ್ಲಿ ಕೂತು ಅದಕ್ಕೆ ಚಿತ್ರ ಮಾಡುತ್ತಿದ್ದವಳು ನಾನು. ಒಂದು ಸಾಲು ಬರೆದ ಕೂಡಲೇ ಕನ್ನಡಕ ಹಣೆಗೇರಿಸಿ ನನಗೆ ಓದಿ ಹೇಳುತ್ತಿದ್ದಳು. ಆಮೇಲೆ ಒಂದೇ ಪ್ರಶ್ನೆ: "ಕರುಳು ಚುರ್ ಅಂತಾ?" ಇಲ್ಲ ಅಂದರೆ ಆ ಸಾಲು ಅಲ್ಲಿಗೇ ಮುಗಿಯಿತು. ಕೆಲಸಕ್ಕೆ ಹೋಗುವ ಅಮ್ಮಂದಿರನ್ನು ಅಳಿಸಿ ಅವಳು ಸೋಪು ಮಾರಿದ್ದಳು, ಫ್ರಿಜ್ಜು ಮಾರಿದ್ದಳು, ಸೊಳ್ಳೆಬತ್ತಿಯನ್ನೂ ಮಾರಿದ್ದಳು.

ಒಂದು ಮಧ್ಯಾಹ್ನ ರೆಡಿಮೇಡ್ ಚಪಾತಿಗೆ ಬರೆದಳು: "ಕಿಟಕಿಯ ಸರಳು ಹಿಡಿದ ಪುಟ್ಟ ಕೈಯೊಂದು ನಿಮ್ಮ ದಾರಿ ಕಾಯುತ್ತಿದೆ. ಲಟ್ಟಣಿಗೆ ಬಿಡಿ, ಆ ಕೈ ಹಿಡಿಯಿರಿ." ಓದುತ್ತಾ ಓದುತ್ತಾ ಅವಳ ಕಣ್ಣೇ ತುಂಬಿಬಿಟ್ಟಿತು. "ನನ್ನ ಮಗಳೂ ಹಂಗೇ ನಿಂತಿರ್ತಾಳೆ ಕಣೇ. ಸ್ಕೂಟರ್ ತೆಗಿ."

ಮೀಟಿಂಗ್ ಬಿಟ್ಟು ಓಡಿದೆವು. ಚಂದಾಪುರದ ಸಿಗ್ನಲ್‌ನಲ್ಲಿ ಅವಳು ನನ್ನ ಬೆನ್ನಿಗೊರಗಿ ಬಿಕ್ಕುತ್ತಿದ್ದಳು. ಪಕ್ಕದ ಆಟೋದವನು ನನ್ನನ್ನು ದುರುಗುಟ್ಟಿ ನೋಡಿದ. "ಏನ್ ಮಾಡಿದ್ರಿ ಮೇಡಂ ಅವ್ರಿಗೆ?"

"ನಾನಲ್ಲಣ್ಣ, ಚಪಾತಿ," ಅಂದೆ.

ಮಕ್ಕಳನ್ನು ನೋಡಿಕೊಳ್ಳುವ ಮನೆಯ ಅಂಗಳದಲ್ಲಿ ಅವಳ ನಾಲ್ಕು ವರ್ಷದ ಮಗಳು ಬೋರಲು ಹಾಕಿದ ಬಕೆಟ್ಟಿನ ಮೇಲೆ ನಿಂತು ಉಳಿದ ಮಕ್ಕಳಿಗೆಲ್ಲ ಹುಕುಂ ಮಾಡುತ್ತಿದ್ದಳು. ಅಮ್ಮನನ್ನು ಕಂಡವಳೇ ಮುಖ ಸಿಂಡರಿಸಿದಳು. "ಇಷ್ಟ್ ಬೇಗ ಯಾಕ್ ಬಂದೆ? ಆಫೀಸ್‌ಗೆ ಹೋಗು. ಸಂಜೆ ಬಾ."

ಗೆಳತಿ ಗೇಟಿಗೆ ಜೋತುಬಿದ್ದು, ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ನಾನೂ ನಕ್ಕೆ.

"ಹಾಗಾದ್ರೆ ಆ ಸಾಲು ತೆಗೆದುಬಿಡ್ತೀಯಾ?" ಕೇಳಿದೆ.

"ಹುಚ್ಚಾ ನಿಂಗೆ? ಕರುಳು ಚುರ್ ಅಂತಲ್ವಾ," ಅಂದಳು.

ಮಗಳು ಆಟಕ್ಕೆ ಮರಳಿ ಎಷ್ಟೋ ಹೊತ್ತಾಗಿತ್ತು. ಅಮ್ಮನ ಎರಡೂ ಕೈ ಇನ್ನೂ ಗೇಟಿನ ಸರಳುಗಳನ್ನೇ ಹಿಡಿದಿದ್ದವು.