ಬಿಚ್ಚದೆ ಕಲಿಸುವವರು

ಗಡಿಯಾರ ರಿಪೇರಿಯ ಅಜ್ಜ ಯಾರ ಗಡಿಯಾರವನ್ನು ಕೈಗೆತ್ತಿಕೊಳ್ಳುವ ಮೊದಲೂ ಕೇಳುವ ಪ್ರಶ್ನೆ ಒಂದೇ: "ಸ್ವೆಟರ್ ಹೆಣೆಯೋದು ಹೇಳಿಕೊಡೋರು ಇಲ್ಲೇ ಹತ್ತಿರ ಯಾರಾದ್ರೂ ಇದ್ದಾರಾ?" ಬಂದವರ ಮೈಮೇಲೆ ಉಲ್ಲನ್ನಿನ ಒಂದೆಳೆ ಕಂಡರಂತೂ ಮುಗಿಯಿತು, ಸೆಲ್ ಹಾಕಿಸಲು ಬಂದವರು ಅರ್ಧ ಗಂಟೆ ಅಲ್ಲಾಡುವ ಹಾಗಿಲ್ಲ. ಕೂದಲೆಳೆಯಂಥ ಸ್ಪ್ರಿಂಗನ್ನು ಉಸಿರು ಬಿಗಿಹಿಡಿದು ಕೂರಿಸುವ ಅವರ ಬೆರಳುಗಳು, ಹೆಣೆಯುವ ಕಡ್ಡಿ ಹಿಡಿದರೆ ಮಾತ್ರ ಹಗ್ಗ ಹೊಸೆಯಲು ಹೊರಟಂತೆ ಒದ್ದಾಡುತ್ತವೆ. ನಿವೃತ್ತ ನರ್ಸು, ಹೊಲಿಗೆ ಟೀಚರು, ಉಲ್ಲನ್ ಅಂಗಡಿಯವಳ ಅತ್ತೆ, ಹೀಗೆ ಊರಿನ ಗುರುಗಳೆಲ್ಲರ ಮನೆ ಮೆಟ್ಟಿಲು ಹತ್ತಿ ಇಳಿದಾಗಿದೆ. ಎಲ್ಲರ ಮುಂದೆಯೂ ಅಜ್ಜ ಚೀಲದಿಂದ ಒಂದೂವರೆ ತೋಳಿನ ನೀಲಿ ಸ್ವೆಟರನ್ನು ಕಡ್ಡಿಯ ಸಮೇತ ತೆಗೆದಿಡುತ್ತಾರೆ. ಎಲ್ಲರೂ ಕನ್ನಡಕ ಏರಿಸಿ ಅದೇ ಮಾತು ಹೇಳುತ್ತಾರೆ: "ಇಲ್ಲೊಂದು ಕುಣಿಕೆ ತಪ್ಪಿದೆ. ಪೂರ್ತಿ ಬಿಚ್ಚಿ ಹೊಸದಾಗಿ ಶುರು ಮಾಡೋಣ." ಬಿಚ್ಚುವ ಮಾತು ಬಂದೊಡನೆ ಅಜ್ಜನಿಗೆ ಅಂಗಡಿಯಲ್ಲಿ ಯಾರೋ ಕಾಯುತ್ತಿರುವುದು ನೆನಪಾಗುತ್ತದೆ. "ನಾಳೆ ಬರ್ತೀನಮ್ಮ" ಎಂದು ಎದ್ದವರು ಮತ್ತೆ ಆ ಬೀದಿಯ ಕಡೆ ತಲೆ ಹಾಕುವುದಿಲ್ಲ. ಬಿಚ್ಚುವ ಮಾತೆತ್ತದೆ, "ಇದ್ದ ಹಾಗೇ ಮುಂದುವರಿಸೋಣ ಬಿಡಿ" ಎಂದವಳು ಬಸ್ ನಿಲ್ದಾಣದ ಟಿಕೆಟ್ ಕೌಂಟರಿನ ಹೆಂಗಸೊಬ್ಬಳೇ. ಆ ಪುಟ್ಟ ತೋಳನ್ನು ಅಂಗೈ ಮೇಲೆ ಹರಡಿಕೊಂಡು, "ಮೊಮ್ಮಗನಿಗಾ? ಅವನನ್ನ ಕರ್ಕೊಂಡು ಬನ್ನಿ, ಅಳತೆ ನೋಡ್ಬೇಕು" ಎಂದಳು. ಅಜ್ಜ ತಪ್ಪಿದ ಕುಣಿಕೆಯನ್ನು ಬೆರಳ ತುದಿಯಿಂದ ಸವರಿದರು. "ನನಗೇ ಕಣಮ್ಮ. ಅಕ್ಕ ಅಳತೆ ತಗೊಂಡಾಗ ನನಗೆ ಎಂಟು ವರ್ಷ. ಇನ್ನರ್ಧ ತೋಳಿಗೆ ಅವಳು ಉಳೀಲಿಲ್ಲ."