ದೀಪ ಹಚ್ಚುವ ಹೊತ್ತಿನ ಫೋಟೊ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಮನೆ ಮಾರಿ ನೋಡು ಎನ್ನಲಿಲ್ಲ. ಅವರ ಕಾಲಕ್ಕೆ ನನ್ನಂಥವರು ಇರಲಿಲ್ಲವಲ್ಲ. ಸೊಲ್ಲಾಪುರದಲ್ಲಿ ಮದುವೆಯ ಫೋಟೊ ತೆಗೆದು ಸಾಕಾದ ಮೇಲೆ ನಾನು ಮಾರಾಟದ ಮನೆಗಳ ಫೋಟೊ ತೆಗೆಯುವ ಕೆಲಸಕ್ಕಿಳಿದೆ. ಮದುಮಗಳಾದರೆ ಮೂಗು ದಪ್ಪ ಬಂತೆಂದು ಜಗಳ ತೆಗೆಯುತ್ತಾಳೆ. ಗೋಡೆ ಬಾಯಿ ಬಿಡುವುದಿಲ್ಲ. ಮೂಲೆಗೆ ಬೆನ್ನು ಹಚ್ಚಿ ನಿಂತರೆ ಗೂಡಿನಂಥ ಖೋಲಿಯೂ ಅಂಗಳದಷ್ಟು ಕಾಣುತ್ತದೆ. ಕ್ಯಾಲೆಂಡರು, ಒಣಹಾಕಿದ ಬಟ್ಟೆ, ಮನುಷ್ಯರು, ಇಷ್ಟನ್ನು ಆಚೆ ಕಳಿಸಿದರೆ ಯಾವ ಮನೆಯೂ ಚೆಂದವೇ.

ಅಕ್ಕಲಕೋಟದ ಆ ಮನೆಗೆ ನನ್ನನ್ನು ಕಳಿಸಿದವನು ಸೊಲ್ಲಾಪುರದ ನವಿ ಪೇಠದಲ್ಲಿ ಮನೆ ಮಾರಿಸುವ ಒಬ್ಬ ಏಜೆಂಟ್. ಮುಂದಿನ ಖೋಲಿಯಲ್ಲಿ ಹಿಟ್ಟಿನ ಗಿರಣಿ. ಅದನ್ನು ನಡೆಸುವ ಮನೆಯೊಡತಿಯ ಹುಬ್ಬಿನ ಮೇಲೂ ಜೋಳದ ಹಿಟ್ಟು. ಸೊಲ್ಲಾಪುರದಲ್ಲಿ ಟಾವೆಲ್ ವ್ಯಾಪಾರ ಮಾಡುವ ಮಗ, ಮನೆ ಮಾರಿ ತನ್ನ ಹತ್ತಿರ ಬಾ ಎಂದು ವರ್ಷಗಟ್ಟಲೆ ಕರೆದಿದ್ದ. ಆಕೆ ಒಪ್ಪಿರಲಿಲ್ಲ. ಈಗ ಒಪ್ಪಿದ್ದೇಕೆಂದು ಆಕೆಯೇ ನನಗೆ ಹೇಳಿದಳು.

"ಈ ಫೋಟೊ ಎಲ್ಲಾರ ಮೊಬೈಲ್‌ನ್ಯಾಗೂ ಬರ್ತದಂತಲ್ಲ, ತಂಗೀ? ನಮ್ಮನಿಯವರ ಕಣ್ಣಿಗೂ ಬೀಳಬಹುದು."

ಮಗ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ, ಹುಲಜಂತಿಯ ಜಾತ್ರೆಗೆ ಹೋಗಿ ಬರುತ್ತೇನೆಂದು ಹೊರಟ ಗಂಡ ಮರಳಿರಲಿಲ್ಲ. ಹೆಣವೂ ಸಿಗಲಿಲ್ಲ, ಸುದ್ದಿಯೂ ಬರಲಿಲ್ಲ. ಆಕೆಯ ಕೊರಳಲ್ಲಿ ತಾಳಿ ಇನ್ನೂ ಇತ್ತು.

ಬಾಗಿಲ ಬಳಿಯಿದ್ದ, ಬಾಯಿ ಒಡೆದ ಮಣ್ಣಿನ ಹರಿವಿಯನ್ನು ಸರಿಸಹೋದರೆ ಆಕೆ ಕೈ ಅಡ್ಡ ಹಿಡಿದಳು. "ಇರ್ಲಿ ಬಿಡ. ಹಿಂಗ ಎಲ್ಲಾ ಚೆಂದ ಮಾಡಿದ್ರ ಅವರಿಗೆ ಗುರುತು ಹ್ಯಾಂಗ ಸಿಗಬೇಕು?"

ನನಗೆ ಸಿಟ್ಟೇ ಬಂತು. ಇದು ಕೊಳ್ಳುವವರಿಗೆಂದು ಮಾಡುವ ಕೆಲಸ, ಓಡಿಹೋದವರಿಗಲ್ಲ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಹರಿವಿ ಅಲ್ಲೇ ಉಳಿಯಿತು.

ಮನೆಯ ಹೊರಗಿನ ಫೋಟೊವನ್ನು ನಾವು ಮುಸ್ಸಂಜೆಗೆ, ದೀಪಗಳನ್ನೆಲ್ಲ ಹಾಕಿಸಿ ತೆಗೆಯುತ್ತೇವೆ. ಎಂಥ ಮನೆಗೂ ಆಗ ಕಳೆ ಬರುತ್ತದೆ. ಕೆತ್ತನೆ ಕಾಣಲೆಂದು ಬಾಗಿಲು ಮುಚ್ಚಿ ಒಂದು ಫೋಟೊ ತೆಗೆದೆ. ಆಕೆ ಹೌಹಾರಿದಳು.

"ದೀಪಾ ಹಚ್ಚೂ ಹೊತ್ತಿನ್ಯಾಗ ಬಾಗಿಲಾ ಹಾಕ್ತಾರೇನ್ ತಂಗೀ? ನೋಡಿದವರು ಮನ್ಯಾಗ ಯಾರೂ ಇಲ್ಲ ಅಂತ ತಿಳೀತಾರ."

ಬಾಗಿಲು ತೆರೆಸಿ, ಹೊಸ್ತಿಲ ಒಳಗೆ ಆಕೆಯನ್ನು ನಿಲ್ಲಿಸಿ ಇನ್ನೊಂದು ತೆಗೆದೆ. ಎರಡನ್ನೂ ಏಜೆಂಟನಿಗೆ ಕಳಿಸಿ, ತೆರೆದ ಬಾಗಿಲಿನದನ್ನೇ ಜಾಹೀರಾತಿಗೆ ಹಾಕು ಎಂದು ಹೇಳಿದೆ. ಅವನು ಮುಚ್ಚಿದ್ದನ್ನೇ ಹಾಕಿದ. ಬಾಗಿಲಲ್ಲಿ ಹೆಂಗಸು ನಿಂತ ಮನೆಯನ್ನು ಯಾರು ಕೊಳ್ಳುತ್ತಾರೆ ಎಂದು ನನ್ನನ್ನೇ ಕೇಳಿದ.

ಕೆಲವು ದಿನಗಳ ಮೇಲೆ ಚಹಾ ಕುಡಿಯುವಾಗ ಅವನೇ ನಗುತ್ತ ಹೇಳಿದ. "ಅಕ್ಕಲಕೋಟದ ಮನಿಗಿ ಒಂದ್ ಫೋನ್ ಬಂದಿತ್ತಕ್ಕಾ. ರೇಟ್ ಕೇಳಲಿಲ್ಲ, ಏನಿಲ್ಲ. ಮನ್ಯಾಗ ಯಾರೂ ಇಲ್ಲೇನ್ರಿ ಅಂದ. ಯಾರೂ ಇಲ್ರಿ, ಖಾಲಿ ಅದ, ತಾಬಾ ಲಗೇಚ್ ಸಿಗ್ತದ, ಬೇಕಾದ್ರ ಇವತ್ತ ಕೀಲಿ ತಗೋರಿ ಅಂದೆ. ಹೌದಾ ಅಂದವನೇ ಇಟ್ಟಬಿಟ್ಟ."

"ಖಾಲಿ ಅಂತ ಯಾಕ ಹೇಳಿದ್ಯೋ?"

"ಎಲ್ಲಾರಿಗೂ ಹಂಗ ಹೇಳ್ತೀವಲ್ಲಕ್ಕಾ."

ಅವನಿಂದ ನಂಬರು ಇಸಿದುಕೊಂಡು ನಾನೇ ಫೋನ್ ಹಚ್ಚಿದೆ. ಎತ್ತಿದವನು ಯಾವುದೋ ಸ್ಟೇಷನ್ನಿನ ಚಹಾದಂಗಡಿಯವನು. ಯಾರೋ ಪ್ರಯಾಣಿಕ ಫೋನ್ ಕೇಳಿ ಪಡೆದ, ಮಾತಾಡಿ ವಾಪಸು ಕೊಟ್ಟು ಗಾಡಿ ಹತ್ತಿದ, ಯಾವ ಗಾಡಿಯೋ ನೆನಪಿಲ್ಲ ಎಂದ. ಯಾರಾದರೂ ಆಗಿರಬಹುದು ಎಂದು ಸಮಾಧಾನ ಹೇಳಿಕೊಂಡಷ್ಟೂ ಹೆದರಿಕೆ ಹೆಚ್ಚಾಯಿತು. ನಾನು ಕಿವಿಯಾರೆ ಕೇಳದ ಆ ದನಿ ಅಂದಿನಿಂದ ನನ್ನ ಬೆನ್ನ ಹಿಂದೆಯೇ ಇದೆ. ಮುಚ್ಚಿದ ಬಾಗಿಲಿಗೆ ಕ್ಯಾಮೆರಾ ಹಿಡಿದಾಗಲೆಲ್ಲ, ಮನ್ಯಾಗ ಯಾರೂ ಇಲ್ಲೇನ್ರಿ ಎನ್ನುತ್ತದೆ.

ಮರುದಿನ ಅಕ್ಕಲಕೋಟಕ್ಕೆ ಹೋದೆ. ಆಕೆ ಗಿರಣಿ ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು.

"ಫೋನ್ ಬಂತೇನ್ ತಂಗೀ?"

"ಬಂದಿತ್ರಿ ಅಕ್ಕಾ. ಯಾರಂತ ಗೊತ್ತಿಲ್ಲ. ಮನ್ಯಾಗ ಯಾರೂ ಇಲ್ಲೇನು ಅಂತ ಕೇಳ್ಯಾರ."

ಆಕೆ ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡಳು. ಅದರಡಿಯಲ್ಲಿ ಅಷ್ಟು ಎಳೆಯ ಮುಖವಿದೆಯೆಂದು ನನಗೆ ಗೊತ್ತಿರಲಿಲ್ಲ.

"ನಾ ಇಲ್ಲೇ ಅದೀನಿ ಅಂತ ಹೇಳೀರಿಲ್ಲೋ?"

"ಹೇಳೀವ್ರಿ," ಎಂದೆ.

ಅಂದು ಸಂಜೆಯೇ ಆಕೆಯ ಮಗ ಏಜೆಂಟನಿಗೆ ಫೋನ್ ಮಾಡಿದ. "ಅವ್ವ ಮನಿ ಮಾರೂದಿಲ್ಲಂತರಿ. ನಾ ಅದೀನಿ ಅಂತ ಅವರಿಗೆ ಗೊತ್ತಾಗೇದ, ಇನ್ನ ಬಂದೇ ಬರ್ತಾರ ಅಂತಾಳ."